ದಂಡಿನ ಸೇವೆಯೂ ಕೋವಿಯ ಹಕ್ಕೂ

ದಂಡಿನಲ್ಲಿ ಸೇವೆಮಾಡಿ ಮನೆಗೆ ಮರಳಿದ ಯೋಧರಿಗೆ ಬೇಟೆಯ ಪರವಾನಿಗೆಯನ್ನು ಶುಲ್ಕವಿಲ್ಲದೆ ಕೊಡತಕ್ಕದ್ದೇ ಎಂಬ ಪ್ರಶ್ನೆಯು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಆಗಾಗ ಚರ್ಚೆಗೆ ಬರುತ್ತಿರುವುದು. ಅಲ್ಲಿಯ ಹಲವು ಸಂಸ್ಥಾನಗಳು ಯುದ್ಧದಲ್ಲಿ ಅಂಗವಿಕಲರಾದವರಿಗೆ ಈ ಪರವಾನಿಗೆಯನ್ನು ಉಚಿತವಾಗಿಯೋ ಅಲ್ಪ ಶುಲ್ಕಕ್ಕೋ ಕೊಡುತ್ತಲೂ ಇವೆ. ಇದು ಪರದೇಶದ ಮಾತು, ನಮಗೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆದರೆ ಯೋಧನಿಗೆ ಅವನ ಸೇವೆಯ ಋಣವನ್ನು ಯಾವ ರೂಪದಲ್ಲಿ ತೀರಿಸಬೇಕು, ಆಯುಧವನ್ನು ಹಿಡಿದು ಅಡವಿಗೆ ಹೋಗುವ ಸ್ವಾತಂತ್ರ್ಯವು ಆ ಋಣದ ಒಂದು ಭಾಗವಾಗಬಹುದೇ ಎಂಬ ವಿಚಾರವು ಕನ್ನಡ ನಾಡಿಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಅದಿದೆ. ನಮ್ಮ ಲಾವಣಿಗಳಲ್ಲಿ ಅದಿದೆ. ಇಂದಿನ ಭಾರತ ಸರಕಾರದ ರಾಜಪತ್ರದಲ್ಲಿಯೂ ಅದು ಕೊಡಗಿನ ಹೆಸರಿನೊಡನೆ ಅಚ್ಚಾಗಿದೆ. ಆದಕಾರಣ ನಮ್ಮ ಮನೆಯ ಕಡೆಯಿಂದಲೇ ಈ ಪ್ರಶ್ನೆಯನ್ನು ನೋಡುವುದು ಅನುಚಿತವಾಗಲಾರದು.

ಮೊದಲು ಆತಕೂರಿನ ಕಲ್ಲನ್ನು ನೆನೆಯೋಣ. ಇಂದಿನ ಮಂಡ್ಯ ಜಿಲ್ಲೆಯ ಆ ಊರಿನಲ್ಲಿ ಚಲ್ಲೇಶ್ವರನ ಗುಡಿಯ ಮುಂದೆ ನಿಲ್ಲಿಸಲ್ಪಟ್ಟಿದ್ದ ಈ ವೀರಗಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಶಕ ೮೭೨, ಎಂದರೆ ಕ್ರಿ. ಶ. ೯೪೯-೫೦ರ ಕಾಲದ್ದು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದಾಗ, ಅವನ ಸಾಮಂತನಾದ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಬೂತುಗನ ಸೇವಕನಾದ ಮಣಲೇರನೆಂಬವನು ಎದುರಾಳಿಗಳ ನಡುವೆ ನುಗ್ಗಿ ಮೆರೆದನು. ಅವನ ಸಾಹಸವನ್ನು ಕಂಡು ಮೆಚ್ಚಿದ ಚಕ್ರವರ್ತಿಯು ಬೇಕಾದುದನ್ನು ಬೇಡೆಂದನು. ಮಣಲೇರನು ಹೊನ್ನನ್ನು ಬೇಡಲಿಲ್ಲ, ಪದವಿಯನ್ನು ಬೇಡಲಿಲ್ಲ. ಚಕ್ರವರ್ತಿಯ ಬಳಿಯಲ್ಲಿದ್ದ ಕಾಳಿ ಎಂಬ ಬೇಟೆನಾಯನ್ನು ದಯಪಾಲಿಸಬೇಕೆಂದು ಕೇಳಿಕೊಂಡನು. ನಾಯಿ ಅವನದಾಯಿತು. ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ, ನಾಯಿಯೂ ಹಂದಿಯೂ ಒಂದನ್ನೊಂದು ಕೊಂದುಕೊಂಡು ಜೊತೆಯಲ್ಲಿಯೇ ಬಿದ್ದವು. ಆ ನಾಯಿಯ ಹೆಸರಿನಲ್ಲಿ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿಗಳ ಹೋರಾಟವು ಇಂದಿಗೂ ಕಾಣುತ್ತದೆ.

ಈ ಶಾಸನದಲ್ಲಿ ಎರಡು ಬಗೆಯ ಕೊಡುಗೆಗಳಿರುವುದನ್ನು ಗಮನಿಸತಕ್ಕದ್ದು. ಬೂತುಗನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦ ಮೊದಲಾದ ನಾಡುಗಳು ದೊರೆತುವು. ಬೂತುಗನು ತನ್ನ ಆಳಾದ ಮಣಲೇರನಿಗೆ ಆತಕೂರು ಮೊದಲಾದ ಊರುಗಳನ್ನು ಬಾಳ್ಗಚ್ಚಾಗಿ ಕೊಟ್ಟನು. ಬಾಳ್ಗಚ್ಚೆಂದರೆ ಬಾಳನ್ನು, ಎಂದರೆ ಖಡ್ಗವನ್ನು, ತೊಳೆದು ಕೊಡುವ ಕೊಡುಗೆ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಬಿಡುತ್ತಿದ್ದ ನೆತ್ತರುಗೊಡಗೆ, ವೀರರಿಗೆ ಬಿಡುತ್ತಿದ್ದ ಕಲ್ನಾಡು ಇವೆಲ್ಲವೂ ಇದೇ ಜಾತಿಯವು. ಇವು ಸೇವೆಗೆ ಸಲ್ಲುವ ಪ್ರತಿಫಲ, ಬಾಳುವೆಗೆ ಆಧಾರವಾದದ್ದು. ನಾಯಿಯ ದಾನವು ಬೇರೆ. ಅದು ಮೆಚ್ಚುಗೆಯ ಗುರುತು. ಬೇಟೆಯ ಆನಂದಕ್ಕಾಗಿ ಬೇಡಿ ಪಡೆದದ್ದು. ಮಣಲೇರನಿಗೆ ಊರುಗಳನ್ನು ಕೊಡದೆ ನಾಯಿಯನ್ನು ಮಾತ್ರ ಕೊಟ್ಟು ಕಳುಹಿಸಿದ್ದರೆ ಚಕ್ರವರ್ತಿಯ ಔದಾರ್ಯವನ್ನು ನಾವು ಇಂದು ಹೊಗಳುತ್ತಿದ್ದೆವೆಂದು ತೋರುವುದಿಲ್ಲ. ಬೇಟೆಯ ಪರವಾನಿಗೆಯನ್ನು ಕುರಿತ ಈಗಿನ ವಾದಗಳಲ್ಲಿ ಈ ಎರಡು ಕೊಡುಗೆಗಳ ಭೇದವು ಬಹಳ ಸಲ ಮರೆತುಹೋಗುತ್ತದೆ.

ಇನ್ನು ಕೊಡಗಿಗೆ ಬರೋಣ. ಹಾಲೇರಿಯ ಅರಸರ ಕಾಲದಲ್ಲಿ ಆ ನಾಡಿಗೆ ಸಂಬಳ ತಿನ್ನುವ ದೊಡ್ಡ ದಂಡೆಂಬುದು ಆಧಾರವಾಗಿರಲಿಲ್ಲ. ಗದ್ದೆಯನ್ನು ಉಳುವವನೇ ಕರೆ ಬಂದಾಗ ಕೋವಿ ಕತ್ತಿಗಳನ್ನು ಹಿಡಿದು ಬರುತ್ತಿದ್ದನು. ಅವನಿಗೆ ಗದ್ದೆಯು ದೊರೆತಿದ್ದುದೇ ಆ ಕರಾರಿನ ಮೇಲೆ. ಇದಕ್ಕೆ ಜಮ್ಮ ಎಂದು ಹೆಸರು. ಜನ್ಮವೆಂಬ ಮಾತಿನ ರೂಪಾಂತರ, ವಂಶಪರಂಪರೆಯಾಗಿ ಬಂದ ಹಿಡುವಳಿ ಎಂದರ್ಥ. ಜಮ್ಮದ ಗದ್ದೆಗೆ ಸಾಮಾನ್ಯವಾದ ಸಾಗು ಭೂಮಿಯ ಕಂದಾಯದಲ್ಲಿ ಅರ್ಧ ಮಾತ್ರ. ಗದ್ದೆಯೊಡನೆ ಸೊಪ್ಪು, ಸೌದೆ, ಹುಲ್ಲುಗಳಿಗಾಗಿ ಬಾಣೆಯ ಕಾಡೂ ಸೇರಿ ಬರುತ್ತಿದ್ದಿತು. ಅದನ್ನು ಮಾರಕೂಡದು, ಒತ್ತೆಯಿಡಕೂಡದು. ಅದು ಒಬ್ಬನ ಸ್ವತ್ತಲ್ಲ, ಒಕ್ಕದ ಸ್ವತ್ತು. ಉಳಿದರ್ಧ ಕಂದಾಯಕ್ಕೆ ಬದಲಾಗಿ ಯುದ್ಧಕಾಲದಲ್ಲಿ ದಂಡಿನ ಸೇವೆ, ಶಾಂತಿಕಾಲದಲ್ಲಿ ಕಾವಲು ಮುಂತಾದ ಊಳಿಗ. ಕೊಡವರಷ್ಟೇ ಅಲ್ಲದೆ ಗೌಡ, ಹೆಗ್ಗಡೆ ಮೊದಲಾದ ಬೇರೆ ಮನೆತನಗಳವರೂ ಜಮ್ಮದ ಹಿಡುವಳಿದಾರರಾಗಿದ್ದರು. ಮುಂದಿನ ವಿಚಾರಕ್ಕೆ ಈ ಸಂಗತಿಯು ಮುಖ್ಯವಾದದ್ದು.

ಇಂಥ ನಾಡಿನಲ್ಲಿ ಕೋವಿಯು ಮನೆಯ ಸಾಮಾನುಗಳಲ್ಲಿ ಒಂದಾದುದು ಆಶ್ಚರ್ಯವಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ನೆರೆಹೊರೆಗೆ ತಿಳಿಸುವುದು, ಸಾವಾದರೆ ಎರಡು ಗುಂಡು. ಎಳೆಯ ಮಗುವಿನ ಕೈಗೆ ಹರಳು ಗಿಡದ ಕಡ್ಡಿಯಿಂದ ಮಾಡಿದ ಬಿಲ್ಲು ಬಾಣಗಳನ್ನು ಮುಟ್ಟಿಸುವುದು. ಪುತ್ತರಿಯಲ್ಲಿ ಕದಿರನ್ನು ಕೊಯ್ಯುವಾಗ ಗುಂಡು ಹಾರಿಸುವುದು. ನಾಟಿಯ ಕಾಲದಲ್ಲಿ ಆಯುಧಗಳನ್ನು ಒಳಗಿಟ್ಟು, ಕೆಲಸ ಮುಗಿದ ಮೇಲೆ ಕೈಲ್‌ಪೊಳ್ದ್ ಹಬ್ಬದಲ್ಲಿ ಅವನ್ನು ಹೊರಗೆ ತೆಗೆದು ಪೂಜಿಸುತ್ತಾರೆ. ಕೋವಿಗೆ ತೋಕ್‌ಪೂವನ್ನು ಮುಡಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವಾಗುತ್ತದೆ. ಹಿಂದೆ ಅದರ ಬಳಿಕವೇ ಬೇಟೆಯ ಕಾಲ. ಎಲ್ಲಕ್ಕಿಂತ ವಿಚಿತ್ರವಾದುದು ನರಿಮಂಗಲ. ಕೊಡವ ನುಡಿಯಲ್ಲಿ ನರಿಯೆಂದರೆ ಹುಲಿ. ಹುಲಿಯನ್ನು ಕೊಂದವನನ್ನು ಮದುವಣಿಗನಂತೆ ಸಿಂಗರಿಸಿ, ಸತ್ತ ಹುಲಿಯ ಪಕ್ಕದಲ್ಲಿ ಕುಳ್ಳಿರಿಸಿ, ಊರಿನವರು ಹರಸಿ ಕಾಣಿಕೆ ಕೊಡುತ್ತಿದ್ದರು. ಹುಲಿಯು ದನವನ್ನೂ ಹಂದಿಯು ಗದ್ದೆಯನ್ನೂ ಹಾಳುಮಾಡುತ್ತಿದ್ದ ಮಲೆನಾಡಿನಲ್ಲಿ ಬೇಟೆಯು ಬರಿಯ ವಿನೋದವಾಗಿರಲಿಲ್ಲ. ಬೇಟೆ, ಬೇಸಾಯ, ದಂಡು ಈ ಮೂರೂ ಒಂದೇ ಆಳಿನ ಮೂರು ಕೆಲಸಗಳಾಗಿದ್ದುವು. ಅವನ್ನು ಬೇರೆ ಬೇರೆ ಇಲಾಖೆಗಳಿಗೆ ಹಂಚಿಕೊಟ್ಟವರು ನಾವು.

೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕುಂಪಣಿ ಸರಕಾರವು ಕೊಡಗನ್ನು ವಶಪಡಿಸಿಕೊಂಡಿತು. ೧೮೩೭ರಲ್ಲಿ ಸುಳ್ಯ ಪುತ್ತೂರುಗಳ ಸೀಮೆಯಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಗೆಯೆದ್ದಾಗ ಕೊಡವ ಪ್ರಮುಖರು ಇಂಗ್ಲಿಷರ ಪಕ್ಷವನ್ನು ವಹಿಸಿದರು. ಅವರಿಗೆ ಚಿನ್ನ ಬೆಳ್ಳಿಗಳ ಪದಕಗಳೂ ಜಹಗೀರುಗಳೂ ದೊರೆತುವು. ಅದೇ ವರ್ಷ ದಂಗೆಯ ಮುಂದಾಳುಗಳಲ್ಲಿ ಒಬ್ಬನಾದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಒಂದೇ ನಾಡು, ಒಂದೇ ಬಗೆಯ ಹಿಡುವಳಿ, ಒಂದೇ ಬಗೆಯ ಶೌರ್ಯ. ಒಬ್ಬರಿಗೆ ಪದಕ, ಮತ್ತೊಬ್ಬನಿಗೆ ನೇಣು. ಶೌರ್ಯಕ್ಕೆ ಬೆಲೆಕಟ್ಟುವವರು ಶೌರ್ಯವನ್ನು ಮಾತ್ರ ನೋಡಿ ಬೆಲೆಕಟ್ಟುವುದಿಲ್ಲವೆಂಬುದು ಇದರಿಂದ ವ್ಯಕ್ತವಾಗುವುದು.

ಈ ಮಾತು ಇನ್ನೂ ಸ್ಪಷ್ಟವಾಗಬೇಕಾದರೆ ೧೮೫೭ನೆಯ ವರ್ಷದ ಹಲಗಲಿಯನ್ನು ನೋಡಬೇಕು. ಆ ವರ್ಷ ಉತ್ತರದಲ್ಲಿ ಸಿಪಾಯಿಗಳು ದಂಗೆಯೆದ್ದುದರಿಂದ ಬೆದರಿದ ಸರಕಾರವು ಜನರ ಕೈಯಿಂದ ಆಯುಧಗಳನ್ನು ಕಸಿದುಕೊಳ್ಳುವುದಕ್ಕಾಗಿ ಕಾಯಿದೆಯನ್ನು ಮಾಡಿತು. ಪರವಾನಿಗೆಯಿಲ್ಲದವನು ಆಯುಧವನ್ನು ತಂದು ಒಪ್ಪಿಸತಕ್ಕದ್ದು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರಿಗೆ ಆಯುಧವೆಂದರೆ ಹೊಟ್ಟೆಯ ಅನ್ನ, ಕುಲದ ಮಾನ. ಬೇಟೆ ಅವರ ಹುಟ್ಟುಕಸುಬು. ದಂಡಿನ ಊಳಿಗ ಅವರ ಹಿರಿಯರ ವೃತ್ತಿ. ವಿಜಯನಗರದ ಕಾಲದಿಂದಲೂ ಕನ್ನಡ ನಾಡಿನ ಪಾಳೆಯಗಳಲ್ಲಿ ಬೇಡರ ಪಡೆಯಿಲ್ಲದ ಪಾಳೆಯವು ಅಪರೂಪ. ಹಳೆಯ ಯೋಧರ ಮಕ್ಕಳೆಂಬ ಕಾರಣದಿಂದ ಪರವಾನಿಗೆಯು ಯಾರಿಗಾದರೂ ಸಲ್ಲುವುದಾದರೆ ಅವರಿಗೆ ಸಲ್ಲಬೇಕಾಗಿದ್ದಿತು. ಅವರು ಆಯುಧಗಳನ್ನು ಒಪ್ಪಿಸಲೊಲ್ಲೆವೆಂದರು. ನವೆಂಬರಿನಲ್ಲಿ ಕುದುರೆಯ ದಂಡು ಬಂದು ಊರನ್ನು ಮುತ್ತಿತು. ಮನೆಗಳಿಗೆ ಬೆಂಕಿ ಬಿದ್ದಿತು. ಬಹು ಮಂದಿ ಹತರಾದರು. ಸೆರೆ ಸಿಕ್ಕವರಲ್ಲಿ ಹತ್ತೊಂಬತ್ತು ಮಂದಿಯನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ಲಾವಣಿಯಲ್ಲಿ ಉಳಿದುವು. ಆ ಲಾವಣಿಯನ್ನು ಸಂಗ್ರಹಿಸಿ ಮುದ್ರಿಸಿದವನು ಫ್ಲೀಟ್ ಸಾಹೇಬನು. ಆತಕೂರಿನ ಶಾಸನವನ್ನು ಓದಿ ಪ್ರಕಟಿಸಿದವನೂ ಆತನೇ. ತನ್ನ ಸರಕಾರಕ್ಕೆ ಭೂಷಣವಲ್ಲದ ಹಾಡನ್ನೂ ಕಾಪಾಡಿಕೊಟ್ಟುದಕ್ಕಾಗಿ ಆ ಅಧಿಕಾರಿಗೆ ಕನ್ನಡಿಗರು ಋಣಿಗಳು.

ಹಲಗಲಿಯ ಬೂದಿ ಆರಿ ನಾಲ್ಕು ವರ್ಷಗಳೂ ತುಂಬಿರಲಿಲ್ಲ. ೧೮೬೧ನೆಯ ಫೆಬ್ರವರಿಯಲ್ಲಿ ಮೈಸೂರು ಕೊಡಗುಗಳ ಕಮಿಷನರಾಗಿದ್ದ ಮಾರ್ಕ್ ಕಬ್ಬನನು, ತಾನು ಅಧಿಕಾರವನ್ನು ಬಿಟ್ಟು ಹೊರಡುವ ದಿನಗಳಲ್ಲಿಯೇ, ಕೊಡಗಿನ ಜನರನ್ನು ನಿರಾಯುಧೀಕರಣದ ಕಾಯಿದೆಯಿಂದ ಹೊರತುಪಡಿಸಿ ಪ್ರಕಟನೆಯನ್ನು ಹೊರಡಿಸಿದನು. ಅದರಲ್ಲಿ ಕೊಡಗರ ಮಾನ, ನಿಷ್ಠೆ, ನಿರ್ಭೀತಿಗಳ ಪ್ರಶಂಸೆಯಿದೆ. ಬ್ರಿಟಿಷ್ ಸರಕಾರಕ್ಕೆ ಅವರು ಸಲ್ಲಿಸಿದ ಸಹಾಯದ ಸ್ಮರಣೆಯಿದೆ. ಪ್ರಕಟನೆಯು ಚೆಲುವಾದದ್ದೇ ಸರಿ. ಕೊಡವರ ಶೌರ್ಯವನ್ನು ಕುರಿತು ಅಲ್ಲಿ ಹೇಳಿದ ಮಾತು ಸುಳ್ಳೆಂದು ಯಾರೂ ಹೇಳಲಾರರು. ಆದರೆ ಶೌರ್ಯವೊಂದೇ ಕಾರಣವಾಗಿದ್ದರೆ ಹಲಗಲಿಗೂ ಅಂಥದೊಂದು ಪ್ರಕಟನೆಯು ಬರಬೇಕಾಗಿದ್ದಿತು. ಬಂದುದು ಸಾಲದು ಎಂಬಷ್ಟು ಬೆಂಕಿ. ಕೊಡಗಿಗೆ ಕೋವಿಯ ಹಕ್ಕು ಉಳಿದುದು ಅವರು ಯೋಧರಾಗಿದ್ದುದರಿಂದ ಮಾತ್ರವಲ್ಲ. ಆ ಹೊತ್ತಿನಲ್ಲಿ ಆಳುವವರಿಗೆ ಬೇಕಾದ ಯೋಧರಾಗಿದ್ದುದರಿಂದ. ಇದನ್ನು ಹೇಳುವುದು ಕೊಡವರಿಗೆ ನಿಂದೆಯಲ್ಲ. ಅವರ ಹಕ್ಕಿನ ನಿಜವಾದ ಬೇರು ಕಬ್ಬನನ ಕಾಗದಕ್ಕಿಂತ ಬಹಳ ಹಳೆಯದು. ಅದು ಜಮ್ಮದ ಗದ್ದೆಯಲ್ಲಿದೆ. ಆಂಗ್ಲ ಅಧಿಕಾರಿಯು ಹೊಸದಾಗಿ ಏನನ್ನೂ ಕೊಡಲಿಲ್ಲ. ಬೇರೆಯವರಿಂದ ಕಿತ್ತುಕೊಂಡುದನ್ನು ಇವರಿಂದ ಕಿತ್ತುಕೊಳ್ಳಲಿಲ್ಲ, ಅಷ್ಟೆ.

ಒಂದು ವಿನೋದದ ಸಂಗತಿಯನ್ನು ಇಲ್ಲಿ ಹೇಳದೆ ಬಿಡಲು ಮನಸ್ಸು ಬಾರದು. ಶತಮಾನದ ತಿರುವಿನಲ್ಲಿ ಸರಕಾರವು ಕೊಡವರದೇ ಒಂದು ಕಾಲಾಳು ದಂಡನ್ನು ಕಟ್ಟಲು ಹವಣಿಸಿತು. ಎಪ್ಪತ್ತೊಂದನೆಯ ಕೂರ್ಗ್ ರೈಫಲ್ಸ್ ಎಂದು ಹೆಸರಿಟ್ಟಿತು. ಸಾಕಷ್ಟು ಜನ ಸೇರದೆ ೧೯೦೪ರಲ್ಲಿ ಆ ದಂಡನ್ನು ಮುರಿಯಬೇಕಾಯಿತು. ಕರೆ ಬಂದಾಗ ತನ್ನ ನಾಡಿಗಾಗಿ ಕೋವಿ ಹಿಡಿಯುವ ಒಕ್ಕಲಿಗೂ ದೂರದ ಪಾಳೆಯದಲ್ಲಿ ಸಂಬಳಕ್ಕೆ ಕವಾಯತು ಮಾಡುವ ಸಿಪಾಯಿಗೂ ಇರುವ ಅಂತರವು ಸರಕಾರಕ್ಕೆ ಆಗ ತಿಳಿದಿರಬೇಕು. ಮುಂದೆ ಕಾಲವು ಬದಲಾಯಿತು. ೧೯೪೯ನೆಯ ಜನವರಿ ೧೫ರಂದು ಭಾರತದ ಸೇನಾಧಿಪತ್ಯವನ್ನು ವಹಿಸಿದ ಕಾರ್ಯಪ್ಪನವರೂ ೧೯೫೭ರಿಂದ ೧೯೬೧ರ ವರೆಗೆ ಸೇನಾ ಮುಖ್ಯರಾಗಿದ್ದ ತಿಮ್ಮಯ್ಯನವರೂ ಆ ಸಣ್ಣ ನಾಡಿನವರೇ ಎಂಬುದು ಎಲ್ಲರಿಗೂ ವಿದಿತವಾಗಿದೆ.

ಲಿಟ್ಟನ್ನನ ಆಡಳಿತದಲ್ಲಿ ೧೮೭೮ರ ಆಯುಧಗಳ ಕಾಯಿದೆಯು ಬಂದಿತು. ಬಿಳಿಯರಿಗೆ ವಿನಾಯಿತಿ, ನಾಡಿನವರಿಗೆ ಪರವಾನಿಗೆ ಎಂಬ ಭೇದವು ವಿದ್ಯಾವಂತರ ಮನಸ್ಸನ್ನು ಬಹಳ ನೋಯಿಸಿತು. ೧೮೮೭ರ ಮದರಾಸು ಕಾಂಗ್ರೆಸ್ಸಿನಲ್ಲಿ ಅದನ್ನು ಕುರಿತು ನಿರ್ಣಯವಾಯಿತು. ೧೯೧೮ರಲ್ಲಿ ಖೇಡಾ ಜಿಲ್ಲೆಯಲ್ಲಿ ದಂಡಿಗೆ ಜನರನ್ನು ಸೇರಿಸಲು ಗಾಂಧಿಯವರು ಹೊರಟಾಗ ಅವರು ಹಂಚಿದ ಕರಪತ್ರವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಇಡೀ ಜನಾಂಗವನ್ನು ನಿರಾಯುಧಗೊಳಿಸಿದ ಈ ಕಾಯಿದೆಯು ಬ್ರಿಟಿಷರ ಆಳಿಕೆಯ ಅತ್ಯಂತ ಕರಾಳವಾದ ಕೃತ್ಯವೆಂದೂ, ಅದು ರದ್ದಾಗಬೇಕಾದರೆ, ಆಯುಧವಿದ್ಯೆಯನ್ನು ಕಲಿಯಬೇಕಾದರೆ, ದಂಡಿಗೆ ಸೇರುವುದೇ ದಾರಿಯೆಂದೂ ಅವರು ಅದರಲ್ಲಿ ಹೇಳಿದರು. ಅಹಿಂಸೆಯ ಉಪಾಸಕರು ಹೀಗೆ ಹೇಳಿದರೆಂಬುದು ಹಲವರಿಗೆ ಇಂದಿಗೂ ಒಗಟು. ಸೇವೆ ಮೊದಲು, ಹಕ್ಕು ಅನಂತರ ಎಂಬ ಜಮ್ಮದ ನ್ಯಾಯವೇ ಅಲ್ಲಿಯೂ ಇದೆ. ೧೯೩೧ರ ಕರಾಚಿ ನಿರ್ಣಯದಲ್ಲಿ ಆಯುಧ ಹೊಂದುವ ಹಕ್ಕನ್ನು, ನಿಯಮಗಳಿಗೆ ಒಳಪಟ್ಟು, ಪ್ರಜೆಯ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿದ್ದರು. ಆದರೆ ೧೯೪೮ನೆಯ ಡಿಸೆಂಬರಿನಲ್ಲಿ ಹರಿ ವಿಷ್ಣು ಕಾಮತರು ಅದನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ಸಂವಿಧಾನ ಸಭೆಯಲ್ಲಿ ತಿದ್ದುಪಡಿ ತಂದಾಗ ಸಭೆಯು ಒಪ್ಪಲಿಲ್ಲ. ದೇಶವಿಭಾಗದ ರಕ್ತಪಾತವನ್ನು ಆಗತಾನೆ ಕಂಡಿದ್ದ ಸಭೆಯು ಹಾಗೆ ನಿರ್ಣಯಿಸಿದುದನ್ನು ತಪ್ಪೆನ್ನಲಾಗದು.

ಹೀಗೆ ಸ್ವತಂತ್ರ ಭಾರತದಲ್ಲಿ ಕೋವಿಯು ಹಕ್ಕಾಗಿ ಉಳಿಯದೆ ಅನುಮತಿಯ ವಿಷಯವಾಯಿತು. ೧೯೫೯ರ ಆಯುಧಗಳ ಅಧಿನಿಯಮವು ೧೯೬೨ರಲ್ಲಿ ಜಾರಿಗೆ ಬಂದಿತು. ಅದರ ೪೧ನೆಯ ಪ್ರಕರಣವು ಯಾವುದಾದರೊಂದು ವರ್ಗದ ಜನರಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಆ ಅಧಿಕಾರದಿಂದ ೧೯೬೩ರಲ್ಲಿ ಕೊಡಗಿನ ಹಳೆಯ ವಿನಾಯಿತಿಯು ಮುಂದುವರಿಯಿತು. ಕೊಡಗರ ಕುಲಕ್ಕೆ ಸೇರಿದ ಪ್ರತಿಯೊಬ್ಬನಿಗೂ ಕೊಡಗಿನ ಜಮ್ಮ ಹಿಡುವಳಿದಾರನಿಗೂ ಅದು ಸಲ್ಲುತ್ತದೆ. ೨೦೧೯ರಲ್ಲಿ ಅದನ್ನು ಹತ್ತು ವರ್ಷಗಳ ಮಟ್ಟಿಗೆ, ಎಂದರೆ ೨೦೨೯ನೆಯ ಅಕ್ಟೋಬರ್ ೩೧ರ ವರೆಗೆ, ವಿಸ್ತರಿಸಲಾಯಿತು.

ಇದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವನು ಯಾರೆಂಬುದು ಈ ಕಥೆಯಲ್ಲಿ ಅತ್ಯಂತ ಸ್ವಾರಸ್ಯವಾದ ಸಂಗತಿ. ಆಯುಧವನ್ನು ಕಂಡರೆ ಬೆದರುವ ಯಾವನೋ ಅಲ್ಲ, ದಂಡಿನಿಂದ ನಿವೃತ್ತನಾದ ಒಬ್ಬ ಅಧಿಕಾರಿ. ಹುಟ್ಟಿದ ಕುಲವನ್ನೂ ಹಿರಿಯರ ಹಿಡುವಳಿಯನ್ನೂ ನೋಡಿ ಒಬ್ಬನಿಗೆ ಕೋವಿಯನ್ನು ಪರವಾನಿಗೆಯಿಲ್ಲದೆ ಬಿಡುವುದು, ಮತ್ತೊಬ್ಬನಿಗೆ ಬಿಡದಿರುವುದು ಸಮಾನತೆಗೆ ವಿರುದ್ಧವೆಂಬುದು ಆತನ ವಾದದ ಸಾರ. ೨೦೨೧ನೆಯ ಸೆಪ್ಟೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಆ ಅರ್ಜಿಯನ್ನು ವಜಾ ಮಾಡಿತು. ಕೊಡವರು ಯೋಧ ಜನಾಂಗವೆಂಬುದು, ಸ್ವಾತಂತ್ರ್ಯಕ್ಕೆ ಮೊದಲಿನಿಂದಲೂ ಅವರು ಈ ವಿನಾಯಿತಿಯನ್ನು ಅನುಭವಿಸುತ್ತ ಬಂದಿರುವರೆಂಬುದು, ಈಗಿನದು ಹತ್ತು ವರ್ಷಗಳ ಅವಧಿಯುಳ್ಳ, ಷರತ್ತುಗಳಿಗೆ ಒಳಪಟ್ಟ ವಿನಾಯಿತಿಯೆಂಬುದು ನ್ಯಾಯಾಲಯವು ಮುಂದಿಟ್ಟ ಕಾರಣಗಳು.

ನ್ಯಾಯವಿಚಾರದಲ್ಲಿ ಅದು ಸರಿಯಾದ ತೀರ್ಪಾಗಿರಬಹುದು. ಇತಿಹಾಸವನ್ನು ಓದುವವನಿಗೆ ಮಾತ್ರ ಆ ನಿವೃತ್ತ ಅಧಿಕಾರಿಯ ಪ್ರಶ್ನೆಯು ಮನಸ್ಸಿನಿಂದ ಸುಲಭವಾಗಿ ಹೋಗುವುದಿಲ್ಲ. ಜಮ್ಮದ ಕರಾರಿನಲ್ಲಿ ಎರಡು ತಲೆಗಳಿದ್ದುವು: ಇತ್ತ ಊಳಿಗ, ಅತ್ತ ಭೂಮಿ ಮತ್ತು ಕೋವಿ. ಊಳಿಗವು ಹೋಗಿ ಬಹುಕಾಲವಾಯಿತು; ಜಮ್ಮದ ಒಕ್ಕಲನ್ನು ಇಂದು ಯಾವ ಸರಕಾರವೂ ಯುದ್ಧಕ್ಕೆ ಕರೆಯುವುದಿಲ್ಲ. ಇಂದು ಆ ಊಳಿಗವನ್ನು ಮಾಡುವವನು ಕೊಡಗಿನವನಾಗಲಿ ಬಿಜಾಪುರದವನಾಗಲಿ ಬೆಳಗಾವಿಯವನಾಗಲಿ, ಸಂಬಳಕ್ಕೆ ದಂಡು ಸೇರಿದ ಸಿಪಾಯಿ. ಹೀಗೆ ಕರಾರಿನ ಒಂದು ತಲೆಯು ಒಬ್ಬನ ಕೈಯಲ್ಲಿಯೂ ಇನ್ನೊಂದು ತಲೆಯು ಮತ್ತೊಬ್ಬನ ಕೈಯಲ್ಲಿಯೂ ಉಳಿದಿವೆ. ಸೇವೆಗೆ ಪ್ರತಿಯಾಗಿ ಕೋವಿ ಎಂಬುದೇ ಮೂಲತತ್ತ್ವವಾದರೆ ಸಿಪಾಯಿಯ ಬೇಡಿಕೆಯು ಹೆಚ್ಚು ಬಲವಾದದ್ದು. ಅದಲ್ಲ, ಇದು ಒಂದು ಜನದ ಹಬ್ಬ ಹುಣ್ಣಿಮೆಗಳಲ್ಲಿ ಸೇರಿಹೋದ ಆಚಾರ ಎಂದರೆ, ಅದೂ ಒಪ್ಪತಕ್ಕ ಕಾರಣವೇ; ಆಗ ಅದನ್ನು ಶೌರ್ಯದ ಬಹುಮಾನವೆಂದು ಹೇಳಬೇಕಾಗಿಲ್ಲ. ಕೈಲ್‌ಪೊಳ್ದಿನ ಕೋವಿಗೆ ಕಬ್ಬನನ ಹೊಗಳಿಕೆಯ ಊರುಗೋಲು ಬೇಕಿಲ್ಲ. ಕುಲದ ಹೆಸರಿನಲ್ಲಿ ವಿನಾಯಿತಿಯನ್ನು ಬರೆದ ಹಳೆಯ ಇಂಗ್ಲಿಷ್ ಪದವನ್ನೇ ಸ್ವತಂತ್ರ ಸರಕಾರವೂ ಉಳಿಸಿಕೊಂಡಿರುವುದು ಸೊಗಸಲ್ಲವೆಂದು ನಮ್ಮ ಅಭಿಪ್ರಾಯ. ಜಮ್ಮವೆಂಬ ಮಾತೊಂದೇ ಸಾಕಾಗಿದ್ದಿತು. ಅದರಲ್ಲಿ ಕೊಡವನೂ ಗೌಡನೂ ಹೆಗ್ಗಡೆಯೂ ಸಮನಾಗಿ ನಿಲ್ಲುತ್ತಾರೆ.

ಇನ್ನು ಬೇಟೆ. ಈ ಭಾಗವನ್ನು ಬೇಗನೆ ಮುಗಿಸಬಹುದು, ಏಕೆಂದರೆ ನಮ್ಮ ದೇಶದಲ್ಲಿ ಅದು ಮುಗಿದ ಕಥೆ. ೧೯೭೦ರಲ್ಲಿ ಹುಲಿಯ ಬೇಟೆಯು ನಿಷಿದ್ಧವಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಮೊದಲು ದೊಡ್ಡ ಬೇಟೆಗೆ ಒಂದು, ಸಣ್ಣ ಬೇಟೆಗೆ ಒಂದು ಎಂದು ಪರವಾನಿಗೆಗಳಿಗೆ ಎಡೆಯಿದ್ದಿತು. ೧೯೯೧ರ ತಿದ್ದುಪಡಿಯು ಅದನ್ನೂ ತೆಗೆದುಹಾಕಿತು. ಮನುಷ್ಯನ ಪ್ರಾಣಕ್ಕೆ ಅಪಾಯ ತಂದ ಮೃಗವನ್ನು ಕೊಲ್ಲಬೇಕಾದರೂ ಅಧಿಕಾರಿಯ ಅಪ್ಪಣೆಯಾಗಬೇಕು. ಆದುದರಿಂದ ನಿವೃತ್ತ ಸಿಪಾಯಿಗೆ ಬೇಟೆಯ ಪರವಾನಿಗೆಯನ್ನು ಉಚಿತವಾಗಿ ಕೊಡಬೇಕೇ ಎಂದು ಭಾರತದಲ್ಲಿ ಕೇಳುವುದು, ಬತ್ತಿದ ಕೆರೆಯಲ್ಲಿ ಮೀನಿನ ಪಾಲನ್ನು ಕೇಳಿದಂತೆ. ಕೊಡವನ ಕೋವಿಯೂ ಇಂದು ಬೇಟೆಯ ಕೋವಿಯಲ್ಲ. ಕಾಡುಹಂದಿಯೂ ಆನೆಯೂ ತೋಟಕ್ಕೆ ನುಗ್ಗಿದಾಗ ಗಾಳಿಗೆ ಗುಂಡು ಹಾರಿಸಿ ಬೆದರಿಸಬಹುದು, ಅಷ್ಟರಿಂದ ಮುಂದಕ್ಕೆ ಹೋದರೆ ಕಾಯಿದೆಯು ಅವನನ್ನೂ ಬಿಡುವುದಿಲ್ಲ. ನರಿಮಂಗಲವು ಹಿರಿಯರ ನೆನಪಿನಲ್ಲಿಯೂ ಹಳೆಯ ಛಾಯಾಚಿತ್ರಗಳಲ್ಲಿಯೂ ಮಾತ್ರ ಉಳಿದಿದೆ. ಹುಲಿಯೇ ಅಳಿದುಹೋಗುವ ಕಾಲ ಬಂದಾಗ ಮದುವೆಯು ನಿಂತುದಕ್ಕಾಗಿ ಮರುಗಬೇಕಾಗಿಲ್ಲ.

ಅಮೆರಿಕಾದಲ್ಲಿ ಕೆರೆ ಬತ್ತಿಲ್ಲ. ಅಲ್ಲಿ ಬೇಟೆಯು ಕಾಯಿದೆಯ ಮೇರೆಯೊಳಗೆ ನಡೆಯುವ ವಿನೋದ, ಆಹಾರ, ಆಚಾರ. ಅಷ್ಟೇ ಅಲ್ಲದೆ ಮೃಗಗಳ ರಕ್ಷಣೆಗೆ ಬೇಕಾದ ಹಣದ ಮೂಲವೂ ಅದೇ. ೧೯೩೭ರಲ್ಲಿ ಆ ದೇಶವು ಕೋವಿ ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪಾಲನೆಗೆ ಮೀಸಲಿಟ್ಟಿತು. ಆ ಹಣವನ್ನು ಸಂಸ್ಥಾನಗಳಿಗೆ ಹಂಚುವಾಗ ಅರ್ಧವನ್ನು ನೆಲದ ವಿಸ್ತಾರದ ಮೇಲೆಯೂ ಇನ್ನರ್ಧವನ್ನು ಹಣ ಕೊಟ್ಟು ಪರವಾನಿಗೆ ಪಡೆದವರ ಸಂಖ್ಯೆಯ ಮೇಲೆಯೂ ಹಂಚುವರು. ಉಚಿತ ಪರವಾನಿಗೆಯು ಆ ಎಣಿಕೆಗೆ ಬಾರದು. ಹೀಗಾಗಿ ಒಬ್ಬ ಯೋಧನಿಗೆ ಶುಲ್ಕವನ್ನು ಬಿಟ್ಟರೆ ಸಂಸ್ಥಾನಕ್ಕೆ ಆ ಶುಲ್ಕವೂ ನಷ್ಟ, ಕೇಂದ್ರದಿಂದ ಬರಬೇಕಾದ ಪಾಲೂ ನಷ್ಟ. ಗೌರವದ ಖರ್ಚನ್ನು ಜಿಂಕೆಯೂ ಬಾತುಕೋಳಿಯೂ ಹೊರಬೇಕಾಗುವುದು. ಯೋಧರಿಗೆ ಆ ಗೌರವವು ಸಲ್ಲಬೇಕೆಂದು ಶಾಸನಸಭೆಯು ಎಣಿಸಿದರೆ, ಅವರ ಶುಲ್ಕವನ್ನು ಸಂಸ್ಥಾನದ ಬೊಕ್ಕಸದಿಂದ ವನ್ಯಜೀವಿ ಇಲಾಖೆಗೆ ತುಂಬಿಕೊಡುವುದು ನೇರವಾದ ದಾರಿ. ತಾನು ಕೊಡುವ ಉಡುಗೊರೆಯ ಬೆಲೆಯನ್ನು ತಾನೇ ತೆರಬೇಕೆಂಬುದು ಗೃಹಸ್ಥನ ಮರ್ಯಾದೆ; ಸರಕಾರಕ್ಕೂ ಅದೇ.

ಅಂಗವಿಕಲನಾದ ಯೋಧನ ವಿಷಯವು ಬೇರೆಯೆಂದು ನಾವು ಒಪ್ಪುತ್ತೇವೆ. ಯುದ್ಧದಿಂದ ಮುರಿದು ಬಂದವನು ಮನೆಯ ಮೂಲೆಯನ್ನು ಹಿಡಿಯದೆ ಹೊಳೆಯ ದಡಕ್ಕೂ ಕಾಡಿನ ಅಂಚಿಗೂ ಹೋಗುವಂತೆ ಮಾಡುವ ಯಾವ ಉಪಾಯವೂ ಒಳ್ಳೆಯದು. ಅದರಲ್ಲಿ ಕೆಲವು ರೂಪಾಯಿಗಳ ಲೆಕ್ಕವನ್ನು ಹಿಡಿದು ಕೂಡುವುದು ಜಿಪುಣತನ. ಆದರೆ ಸರ್ವರಿಗೂ ಉಚಿತವೆಂಬ ಮಾತನ್ನು ಕೇಳಿದಾಗ ಮಣಲೇರನ ಊರುಗಳನ್ನು ನೆನೆಯಬೇಕು. ಪಿಂಚಣಿಯು ಕಾಲಕ್ಕೆ ಸರಿಯಾಗಿ ಬರುತ್ತಿದೆಯೇ, ಗಾಯಕ್ಕೆ ಔಷಧೋಪಚಾರವು ನಡೆಯುತ್ತಿದೆಯೇ, ಸತ್ತವನ ಹೆಂಡತಿಗೆ ಅನ್ನವಿದೆಯೇ ಎಂದು ಮೊದಲು ವಿಚಾರಿಸತಕ್ಕದ್ದು. ಬಾಳ್ಗಚ್ಚು ಸಂದ ಮೇಲೆ ನಾಯಿಯನ್ನೂ ಕೊಡಬಹುದು. ಬಾಳ್ಗಚ್ಚಿನ ಬದಲಾಗಿ ನಾಯಿಯನ್ನು ಕೊಡುವ ಅರಸನನ್ನು ನಮ್ಮ ಶಾಸನಕಾರರು ಹೊಗಳಿದುದಿಲ್ಲ.

ಕೊಡಗಿನ ಮಟ್ಟಿಗೆ, ಈಗಿನ ವಿನಾಯಿತಿಯ ಅವಧಿಯು ತೀರುವ ಹೊತ್ತಿಗೆ ದಿಲ್ಲಿಯಲ್ಲಿ ಕಾಗದವನ್ನು ಮತ್ತೊಮ್ಮೆ ಬರೆಯಬೇಕಾಗುವುದು. ಹಳೆಯ ವಾಕ್ಯವನ್ನೇ ನಕಲುಮಾಡಿ ಇನ್ನೂ ಹತ್ತು ವರ್ಷವೆಂದು ಸೇರಿಸುವುದು ಗುಮಾಸ್ತೆಗೆ ಸುಲಭ. ಅದಕ್ಕೆ ಮೊದಲು ಜಮ್ಮದ ಮನೆತನಗಳ ಹಿರಿಯರನ್ನೂ, ಜಮ್ಮವಿಲ್ಲದ ಕೊಡಗಿನ ಬಡ ರೈತರನ್ನೂ, ಆ ನಾಡಿಗೆ ಮರಳಿ ಬಂದಿರುವ ನಿವೃತ್ತ ಸಿಪಾಯಿಗಳನ್ನೂ ಕರೆದು ಕೇಳಿದರೆ ವಾಕ್ಯವು ಬೇರೆಯಾಗಿ ಬರಬಹುದು. ಆನೆ ಹಂದಿಗಳು ಗದ್ದೆಗೆ ಇಳಿಯುವಾಗ ಅದು ಜಮ್ಮವೋ ಸಾಗುವೋ ಎಂದು ನೋಡಿ ಇಳಿಯುವುದಿಲ್ಲ.